ಮಿಲ್ಲಿಂಗಮ್ಮ ಮೆಷಿನ್ ಕೂರಿಸಿದ್ದು

ಗಂಡ ತೀರಿಕೊಂಡು ವರ್ಷ ತುಂಬುವ ಮೊದಲೇ ಮೈದುನ ಅವಳಿಗೆ ಕೂರುವುದನ್ನು ಕಲಿಸಲು ಹೊರಟ. ಅತ್ತಿಗೆ, ನೀವು ಕೂತ್ಕೊಳ್ಳಿ, ನಾನು ನೋಡ್ಕೋತೀನಿ. ಅತ್ತಿಗೆ, ದುಡಿದದ್ದು ಸಾಕು, ಇನ್ನು ಒಳಗೆ ಆರಾಮಾಗಿ ಕೂತಿರಿ. ಕೇಳಿದವರು ಎಂಥ ಮೈದುನನಪ್ಪಾ ಎಂದು ಮೂಗಿನ ಮೇಲೆ ಬೆರಳಿಡಬೇಕು, ಅಂಥ ಬೆಣ್ಣೆ ಮಾತು. ಆದರೆ ಆ ‘ಒಳಗೆ’ ಎಂದರೆ ಎಲ್ಲಿ ಎಂಬುದು ಅವಳಿಗೆ ಗೊತ್ತಿತ್ತು. ಅಡುಗೆಮನೆಯ ಹಿಂದೆ ತೂತು ಬಕೆಟ್ಟು, ಕೈಕೊಟ್ಟ ಫ್ಯಾನು, ಹಳೇ ಪೇಪರಿನ ಕಟ್ಟು ಪೇರಿಸಿಟ್ಟ ಸಾಮಾನಿನ ಕೋಣೆ. ಅದಕ್ಕೊಂದು ಕಿಟಕಿಯೂ ಇದೆ, ಇಲ್ಲ ಎನ್ನುವಂತಿಲ್ಲ. ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತದೆ.

ಅವಳಿದ್ದದ್ದು ಮುಂದಿನ ಕೋಣೆಯಲ್ಲಿ. ಬೀದಿಗೆ ಬಾಗಿಲಿರುವ ಆ ಕೋಣೆಯಲ್ಲೇ ಅವಳ ಗಂಡ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯವರ ಅಂಗಿ, ಪ್ಯಾಂಟು ಹೊಲಿದದ್ದು, ಅಲ್ಲೇ ಇಬ್ಬರೂ ಸಂಸಾರ ಮಾಡಿದ್ದು. ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ನೂಕಿದರೆ ಮಲಗುವ ಮನೆ, ಮತ್ತೆ ಎಳೆದರೆ ಅಂಗಡಿ. ಮನೆ ಅತ್ತೆಯ ಹೆಸರಲ್ಲಿತ್ತು. ಮುಂದಿನ ಕೋಣೆ ದೊಡ್ಡವನದು, ಮಹಡಿ ಚಿಕ್ಕವನದು ಎಂದು ಅತ್ತೆಯೇ ಎಂದೋ ಹೇಳಿದ್ದರು. ದೊಡ್ಡವನು ಹೋದ ಮೇಲೆ ಆ ಮಾತು ಉಳಿದಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಅತ್ತೆಯೂ ಬಾಯಿ ಬಿಡಲಿಲ್ಲ. ಮೈದುನ ಮಾತ್ರ ಅವಳು ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ ಗಾರೆಯವನನ್ನು ಕರೆತಂದು, ಕೋಣೆಯ ಹಳೇ ಕೆಂಪು ನೆಲದ ಮೇಲೆ ಬೆಳ್ಳಗೆ ಹೊಳೆಯುವ ಟೈಲ್ಸ್ ಹಾಕಿಸಿಬಿಟ್ಟ. ನಿಮಗೋಸ್ಕರವೇ ಅತ್ತಿಗೆ, ಒರೆಸೋದು ಸುಲಭ ಎಂದ. ಗಂಡನ ಕುರ್ಚಿಯ ಕಾಲು ಉಜ್ಜಿ ಉಜ್ಜಿ ನೆಲದಲ್ಲೊಂದು ಕುಳಿ ಬಿದ್ದಿತ್ತು. ಅದೂ ಟೈಲ್ಸಿನ ಕೆಳಗೆ ಹೋಯಿತು. ಅವಳು ತುಟಿಪಿಟಿಕ್ ಎನ್ನಲಿಲ್ಲ. ಆವತ್ತು ಸುಮ್ಮನಿದ್ದದ್ದಕ್ಕೆ ಅವಳಿಗೆ ಮೈದುನನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು.

ಟೈಲ್ಸ್ ಯಾರಿಗೋಸ್ಕರ ಎಂಬುದು ಆಮೇಲೆ ಗೊತ್ತಾಯಿತು. ಕೋಣೆಯನ್ನು ಮೊಬೈಲ್ ಅಂಗಡಿಯವನೊಬ್ಬನಿಗೆ ಬಾಡಿಗೆಗೆ ಕೊಡುವ ಮಾತು ನಡೆದಿತ್ತು.

ಅದೇ ಸಮಯಕ್ಕೆ ಅವಳ ಕಾರ್ಖಾನೆಯೂ ಮುಚ್ಚಿತು. ಬೀದಿಯ ಕೊನೆಯಲ್ಲಿದ್ದ, ಹತ್ತಾರು ಜನ ದುಡಿಯುವ ಸಣ್ಣ ಕಾರ್ಖಾನೆ. ಅಲ್ಲಿ ಅವಳು ಮಿಲ್ಲಿಂಗ್ ಮೆಷಿನ್ ನಡೆಸುತ್ತಿದ್ದಳು. ಮಿಲ್ಲಿಂಗ್ ಎಂದರೆ ಹಿಟ್ಟಿನ ಮಿಲ್ಲು ಎಂದುಕೊಂಡು ಗೋಧಿ ಡಬ್ಬ ಹಿಡಿದು ಬಂದವರೂ ಉಂಟು. ಇದು ಅದಲ್ಲ. ಕಬ್ಬಿಣದ ತುಂಡನ್ನು ಮೇಜಿಗೆ ಬಿಗಿಯಾಗಿ ಕಟ್ಟಿ, ಹ್ಯಾಂಡಲ್ ತಿರುಗಿಸುತ್ತ ಮೆಲ್ಲಗೆ ಮುಂದಕ್ಕೆ ನೂಕಿದರೆ, ಮೇಲೆ ತಿರುಗುತ್ತಿರುವ ಕಟ್ಟರ್ ಅದನ್ನು ಬೇಕಾದ ಆಕಾರಕ್ಕೆ ಹೆರೆದು ಕೊಡುತ್ತದೆ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಕಾರ್ಖಾನೆಯ ಲೆಕ್ಕ ಬರೆಯಲು ಸೇರಿದವಳು, ಆ ಮೆಷಿನ್ನಿನ ಮುಂದೆ ನಿಂತು ನೋಡಿ ನೋಡಿ, ಪೆನ್ನು ಬಿಟ್ಟು ಹ್ಯಾಂಡಲ್ ಹಿಡಿದಳು. ಅಂದಿನಿಂದ ಕಾರ್ಖಾನೆಯವರಿಗೂ ಬೀದಿಯವರಿಗೂ ಅವಳು ಮಿಲ್ಲಿಂಗಮ್ಮ. ಹೊಸಬರು ಅದನ್ನೇ ನಿಜವಾದ ಹೆಸರೆಂದು ತಿಳಿದು, ಹಳೇ ಕಾಲದ ಹೆಸರು, ಚೆನ್ನಾಗಿದೆ ಎನ್ನುತ್ತಿದ್ದರು. ಅವಳು ತಿದ್ದಲು ಹೋಗುತ್ತಿರಲಿಲ್ಲ.

ಕಾರ್ಖಾನೆಯ ಮಾಲೀಕ ಜಾಗ ಮಾರಿ, ಮೆಷಿನ್‌ಗಳನ್ನೆಲ್ಲ ಗುಜರಿಗೆ ಹಾಕಿ ಕೈತೊಳೆದುಕೊಂಡ. ಮಿಲ್ಲಿಂಗಮ್ಮ ಗುಜರಿ ಅಂಗಡಿಗೆ ಹೋದಾಗ ಅವಳ ಮೆಷಿನ್ ತುಕ್ಕು ಹಿಡಿದ ಸೈಕಲ್‌ಗಳ ನಡುವೆ ಮುಖ ತಿರುಗಿಸಿಕೊಂಡು ನಿಂತಿತ್ತು. ಅವಳು ಹುಟ್ಟುವ ಮೊದಲೇ ಎರಕ ಹೊಯ್ದ ಕಬ್ಬಿಣ, ಒಂದು ಟನ್ನಿಗಿಂತ ಹೆಚ್ಚು ತೂಕ, ಹಸಿರು ಬಣ್ಣ ಅಲ್ಲಲ್ಲಿ ಎದ್ದು ಹೋಗಿತ್ತು, ಹ್ಯಾಂಡಲ್ ಮಾತ್ರ ಅವಳ ಕೈ ಸವರಿ ಸವರಿ ಬೆಳ್ಳಿಯಂತಿತ್ತು. ಗುಜರಿಯವನು ಸುತ್ತಿಗೆಯವರು ಬರಲಿ ಎಂದು ಕಾಯುತ್ತಿದ್ದ. ಒಡೆದರೆ ತೂಕಕ್ಕೆ ಹೋಗುತ್ತದೆ, ಇಡಿಯಾಗಿ ಇಂಥದ್ದನ್ನು ಈಗ ಯಾರು ಕೊಳ್ಳುತ್ತಾರೆ, ಎಲ್ಲ ಕಂಪ್ಯೂಟರ್ ಮೆಷಿನ್ ಅಲ್ಲವೇ ಎಂದ. ನಾನು ಕೊಳ್ಳುತ್ತೇನೆ ಎಂದಳು. ಅವನು ಎಷ್ಟು ಹೇಳಿದ, ಅವಳು ಎಷ್ಟಕ್ಕೆ ಇಳಿಸಿದಳು ಎಂಬುದು ಅವರಿಬ್ಬರಿಗೆ ಬಿಟ್ಟ ವಿಚಾರ. ನಮಗೇಕೆ ಆ ಉಸಾಬರಿ. ಮೆಷಿನ್ ಅವಳದಾಯಿತು.

ಮನೆಯಲ್ಲಿ ಹೇಳಿದಾಗ ಮೈದುನ ಮೊದಲು ನಕ್ಕ. ತಮಾಷೆಯಲ್ಲ ಎಂದು ತಿಳಿದ ಮೇಲೆ ಬುದ್ಧಿ ಹೇಳಲು ಕೂತ. ಈ ವಯಸ್ಸಲ್ಲಿ ಇದೆಲ್ಲ ಬೇಕಾ, ನೋಡಿದವರು ಏನಂತಾರೆ, ಮೈದುನ ಅತ್ತಿಗೆಗೆ ಒಂದು ತುತ್ತು ಹಾಕಲಾರದೆ ಕಬ್ಬಿಣ ಕುಯ್ಯೋಕೆ ಹಚ್ಚಿದ್ದಾನೆ ಅನ್ನಲ್ವಾ ಎಂದ. ಅವನ ಹೆಂಡತಿ ಮಹಡಿ ಮೆಟ್ಟಿಲ ಮೇಲೆ ನಿಂತು ಮೂಗು ಮುರಿದಳು. ಮಿಲ್ಲಿಂಗಮ್ಮ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಬೀದಿಯವರ ಮಿಕ್ಸಿ, ಗಿರಣಿ, ಪಂಪು ಕೆಟ್ಟರೆ ಬಿಡಿ ಭಾಗ ಸಿಗದೆ ಎಲ್ಲರೂ ಒದ್ದಾಡುತ್ತಿದ್ದಾರೆ, ಮಾಡಿಕೊಡುತ್ತೇನೆ, ಮೆಷಿನ್ ಮುಂದಿನ ಕೋಣೆಗೇ ಬರುತ್ತದೆ ಎಂದು ಪಟ್ಟು ಹಿಡಿದಳು. ಕಡೆಗೆ ಇಬ್ಬರೂ ಅತ್ತೆಯ ಕಡೆ ತಿರುಗಿದರು.

ಈ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರ ಬಾಯಲ್ಲಿ ಸ್ವಂತ ಹಲ್ಲು ಒಂದೂ ಇರಲಿಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸದಾ ಗಾಜಿನ ಲೋಟದ ನೀರಿನಲ್ಲಿ, ಅವರ ಕೋಣೆಯ ಗೋಡೆ ಶೆಲ್ಫಿನ ಮೇಲೆ ಇರುತ್ತಿತ್ತು. ಅದನ್ನು ಹಾಕಿಕೊಳ್ಳುತ್ತಿದ್ದದ್ದು ಎರಡೇ ಕೆಲಸಕ್ಕೆ, ಊಟ ಮಾಡಲು ಮತ್ತು ಬೈಯಲು. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಅತ್ತೆ ಲೋಟಕ್ಕೆ ಕೈ ಹಾಕಿದರೆ ಮನೆಯವರೆಲ್ಲ ಇದ್ದಲ್ಲಿಂದ ಜಾಗ ಖಾಲಿ ಮಾಡುತ್ತಿದ್ದರು. ಆವತ್ತು ಹಲ್ಲು ಲೋಟದಲ್ಲೇ ಇತ್ತು. ಬೋಳು ಬಾಯಲ್ಲೇ ತೀರ್ಪು ಕೊಟ್ಟರು.

“ತರ್ಲಿ ಬಿಡೋ. ಕೆಲಸ ಮಾಡಿದ್ರೆ ಇರ್ಲಿ. ನನ್ನ ಮನೆ ಅಲ್ಲಾಡ್ಸಿದ್ರೆ ಮೆಷಿನ್ನೂ ಹೋಗ್ಲಿ, ಕೋಣೆನೂ ನಿನಗೇ ಇರ್ಲಿ.”

ಒಪ್ಪಿಗೆಯೇ ಎಂದು ಕೇಳಿದರು. ಇಬ್ಬರೂ ಒಪ್ಪಿದರು. ಮೈದುನ ತಕ್ಷಣ ಒಪ್ಪಿದ. ಒಂದು ಟನ್ ಕಬ್ಬಿಣ ತಿರುಗಿದರೆ ಮನೆ ಅಲ್ಲಾಡದೆ ಇದ್ದೀತೇ ಎಂಬ ಧೈರ್ಯ ಅವನಿಗೆ.

ಮೆಷಿನ್ ಬಂದ ದಿನ ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಕ್ರೇನ್ ಲಾರಿ ಅದನ್ನು ಮನೆ ಮುಂದೆ ಇಳಿಸಿ ಹೊರಟುಹೋಯಿತು. ಅಲ್ಲಿಂದ ಒಳಕ್ಕೆ ತರುವುದು ಹಾರೆ ಮೇಸ್ತ್ರಿಯ ಪಾಲಿನ ಕೆಲಸ. ಭಾರದ ಮೆಷಿನ್‌ಗಳನ್ನು ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿ ಸಾಗಿಸುವುದೇ ಆ ಮನುಷ್ಯನ ಕಸುಬು. ಮಾತು ಕಮ್ಮಿ, ಮಾತಾಡಿದರೂ ಮನುಷ್ಯರ ಜೊತೆಗಲ್ಲ, ಮೆಷಿನ್ ಜೊತೆ. ಮಿಲ್ಲಿಂಗಮ್ಮ ಮೊದಲೇ ಮೋಟಾರು ಬಿಚ್ಚಿದ್ದಳು, ಉದ್ದನೆಯ ಮೇಜನ್ನೂ ಬಿಚ್ಚಿ ಬೇರೆ ಇಟ್ಟಿದ್ದಳು. ಆದರೂ ಬಾಗಿಲು ಸಾಲಲಿಲ್ಲ. ಮೈದುನ ಎದೆಯ ಮೇಲೆ ಕೈಕಟ್ಟಿ ನಿಂತು, ಅಯ್ಯೋ ಪಾಪ ಎಂದ. ಅವಳು ಉಳಿ, ಸುತ್ತಿಗೆ ತಂದು ಬಾಗಿಲ ಚೌಕಟ್ಟನ್ನೇ ಗೋಡೆಯಿಂದ ಬಿಡಿಸಿದಳು. ಚೌಕಟ್ಟು ಅವಳ ಗಂಡ ಹಾಕಿಸಿದ್ದು, ಕೇಳುವವರು ಯಾರು. ಹಿಂದೆ ಉಳಿದ ಪೈಪನ್ನು ಎತ್ತಿ ಮುಂದಕ್ಕಿಡುತ್ತ, ಬಾ ತಾಯಿ, ಇನ್ನೊಂಚೂರು, ಜಾಣೆ ನೀನು ಎನ್ನುತ್ತ ಮೇಸ್ತ್ರಿ ಮೆಷಿನ್ನನ್ನು ಒಳಗೆ ಕರೆದುಕೊಂಡ.

ಇಲ್ಲಿ ಮಿಲ್ಲಿಂಗಮ್ಮ ಒಂದು ತಪ್ಪು ಮಾಡಿದಳು. ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೂ ಮಾಡಿದ್ದು. ಮೆಷಿನ್ನಿನವರ ಭಾಷೆಯಲ್ಲಿ ಮೆಷಿನ್ನನ್ನು ಇಡುವುದಿಲ್ಲ, ಕೂರಿಸುತ್ತಾರೆ. ನಾಲ್ಕು ಕಾಲೂ ಗಟ್ಟಿ ನೆಲವನ್ನು ಒಂದೇ ಸಮ ಒತ್ತಿ ಹಿಡಿದರೆ ಕೂತಿದೆ ಎನ್ನುತ್ತಾರೆ, ಒಂದು ಕಾಲು ಕೂದಲೆಳೆಯಷ್ಟು ಎದ್ದಿದ್ದರೂ ಕೂತಿಲ್ಲ. ಕೂರದ ಮೆಷಿನ್ ಮೇಲೆ ಮಾಡಿದ ಕೆಲಸ ಕೆಲಸವಲ್ಲ. ಇದು ಅವಳಿಗೆ ಉಸಿರಾಟದಷ್ಟು ಗೊತ್ತು. ಆದರೆ ಮೈದುನ ಟೈಲ್ಸ್ ಒಡೆದುಹೋಗುತ್ತೆ, ಕಾಲಿನಡಿ ರಬ್ಬರ್ ಹಾಕಿ, ನಾಳೆ ತೆಗೆಯೋಕೂ ಸುಲಭ ಎಂದು ಕ್ಯಾತೆ ತೆಗೆದ. ಅತ್ತೆ ಕುರ್ಚಿ ಎಳೆದುಕೊಂಡು ನೋಡುತ್ತಿದ್ದರು. ಬಾಗಿಲು ಒಡೆದು ರಗಳೆ ಮಾಡಿದ್ದು ಸಾಕು, ಇದೊಂದಕ್ಕೆ ಹೊಂದಿಕೊಂಡು ಹೋಗೋಣ ಎಂದು ಅವಳು ರಬ್ಬರಿಗೆ ಹೂಂ ಎಂದಳು. ಹಾರೆ ಮೇಸ್ತ್ರಿ ಅವಳ ಮುಖ ನೋಡಿದ, ಆಮೇಲೆ ಮೆಷಿನ್ನನ್ನು ನೋಡಿ, ಏನು ತಾಯಿ, ಹಾಸಿಗೆ ಮೇಲೆ ನಿಲ್ತೀಯಾ ಎಂದು ಕೇಳಿದ.

ಮೋಟಾರು ಕಟ್ಟಿದಳು, ಮೇಜು ಕೂಡಿಸಿದಳು. ಜಿಡ್ಡು ಒರೆಸಿ, ಹಳೇ ಎಣ್ಣೆ ಬಸಿದು ಹೊಸ ಎಣ್ಣೆ ತುಂಬಿದಳು. ಮನೆಯ ಕರೆಂಟು ಆ ಮೋಟಾರಿಗೆ ಹೊಂದುವುದಿಲ್ಲ, ಅದಕ್ಕೆ ತ್ರೀ ಫೇಸ್ ಬೇಕು. ಎಲೆಕ್ಟ್ರಿಷಿಯನ್ ಬಂದು, ಮನೆ ಕರೆಂಟನ್ನೇ ತ್ರೀ ಫೇಸ್ ಮಾಡಿ ಕೊಡುವ ಡ್ರೈವ್ ಪೆಟ್ಟಿಗೆಯನ್ನು ಗೋಡೆಗೆ ಹಾಕಿಕೊಟ್ಟ. ಸ್ವಿಚ್ ಒತ್ತಿದಾಗ ಮೆಷಿನ್ ಗುರ್ ಎಂದು ಎಚ್ಚರವಾಯಿತು. ಗಂಡ ಹೋದ ಮೇಲೆ ಆ ಕೋಣೆಯಲ್ಲಿ ಕೆಲಸದ ಸದ್ದು ಎದ್ದದ್ದು ಅದೇ ಮೊದಲು. ಅಳು ಬಂತು, ಸಂತೋಷಕ್ಕೇ ಬಂತು, ಒರೆಸಿಕೊಂಡಳು.

ಕಣ್ಣೊರೆಸಿದ ಕೈ ಕೆಳಗಿಳಿಯುವಷ್ಟರಲ್ಲಿ ಅತ್ತೆ ಬಾಗಿಲಲ್ಲಿದ್ದರು. ಕೈಯಲ್ಲಿ ಲೋಟ, ಲೋಟದಲ್ಲಿ ಹಲ್ಲು, ಹಲ್ಲು ಗಾಜಿಗೆ ಬಡಿದು ಕಟಕಟ ಎನ್ನುತ್ತಿತ್ತು.

“ನಾನು ಬಾಯಿ ಮುಚ್ಕೊಂಡಿದ್ರೂ ನನ್ನ ಹಲ್ಲು ಮಾತಾಡ್ತಿದೆ ಕಣೇ.”

ಮೆಷಿನ್ ನಿಲ್ಲಿಸಿದಳು. ಹಲ್ಲು ಸುಮ್ಮನಾಯಿತು. ಮತ್ತೆ ಹಾಕಿದಳು, ಕಟಕಟ. ಅತ್ತೆಯ ಕೋಣೆಗೂ ಇದಕ್ಕೂ ನಡುವೆ ಇರುವುದು ಒಂದೇ ಗೋಡೆ, ಶೆಲ್ಫ್ ಇರುವುದೂ ಆ ಗೋಡೆಗೇ. ಮೈದುನನಿಗೆ ಬೇಕಾದದ್ದು ಸಿಕ್ಕಿತ್ತು. ಭಾನುವಾರ ಮೊಬೈಲ್ ಅಂಗಡಿಯವನು ಕೋಣೆ ನೋಡಲು ಬರುತ್ತಾನೆ, ಗುಜರಿಯವನಿಗೂ ಗಾಡಿ ತರಲು ಹೇಳಿದ್ದೇನೆ, ನೀವು ಬೇಜಾರು ಮಾಡ್ಕೋಬೇಡಿ ಅತ್ತಿಗೆ, ಒಪ್ಪಿದ ಮಾತಲ್ಲವೇ ಎಂದ. ಬೇಜಾರು ಮಾಡಿಕೊಳ್ಳಬೇಡಿ ಎಂದವನೇ ಹೋಗಿ ಸಾಮಾನಿನ ಕೋಣೆಯ ಬಕೆಟ್ಟು, ಫ್ಯಾನು ಹೊರಗಿಡಲು ಶುರುಮಾಡಿದ. ಆ ಸದ್ದು ಅವಳಿಗೆ ಕೇಳಿಸಲಿ ಎಂದೇ ಜೋರಾಗಿ ಇಡುತ್ತಿದ್ದ.

ಅವಳು ಮೆಷಿನ್ನಿನ ಸುತ್ತ ಸುತ್ತಿದಳು. ಬೆಲ್ಟು ನೋಡಿದಳು, ಬೇರಿಂಗ್ ನೋಡಿದಳು, ಬೋಲ್ಟುಗಳನ್ನು ಮತ್ತೆ ಬಿಗಿದಳು. ಮೇಜಿನ ಮೇಲೆ ಮಟ್ಟ ನೋಡುವ ರಸಮಟ್ಟ ಇಟ್ಟರೆ ಗುಳ್ಳೆ ನಟ್ಟನಡುವೆ ನಿಂತಿತ್ತು. ಮೆಷಿನ್ನಿನಲ್ಲಿ ಒಂದು ಐಬೂ ಇರಲಿಲ್ಲ. ಕಡೆಗೆ ನೆಲದ ಮೇಲೆ ಮೊಣಕಾಲೂರಿ, ರಬ್ಬರಿನ ಪಕ್ಕ ಅಂಗೈ ಇಟ್ಟಳು. ಸ್ಪ್ಯಾನರಿನಿಂದ ಟೈಲ್ಸಿಗೆ ಟಕ್ಕೆಂದು ಕುಟ್ಟಿದಳು. ಬೊಕ್ ಎಂದಿತು. ಪಕ್ಕದ್ದಕ್ಕೆ ಕುಟ್ಟಿದಳು, ಅದೂ ಬೊಕ್. ಕೋಣೆಯುದ್ದಕ್ಕೂ ಕುಟ್ಟುತ್ತ ಹೋದಳು. ಗಾರೆಯವನು ಪ್ರತಿ ಟೈಲ್ಸಿನ ನಡುವೆ ಒಂದೊಂದು ಹಿಡಿ ಗಾರೆ ಇಟ್ಟು ಒತ್ತಿ ಹೋಗಿದ್ದ. ಮೂಲೆಗಳೆಲ್ಲ ಟೊಳ್ಳು. ಮೇಲೆ ಹೊಳಪು, ಕೆಳಗೆ ಗಾಳಿ, ಅದರ ಮೇಲೆ ರಬ್ಬರು, ಅದರ ಮೇಲೆ ಮೆಷಿನ್. ಹಲ್ಲು ಮಾತಾಡದೆ ಇನ್ನೇನು ಮಾಡೀತು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟು ನೆತ್ತಿಗೇರಿತು. ಅಲ್ಲಾಡುತ್ತಿದ್ದದ್ದು ಅವಳು ತಂದ ಮೆಷಿನ್ ಅಲ್ಲ, ಅವಳು ಹೊಂದಿಕೊಂಡು ಹೋದದ್ದು. ಟೈಲ್ಸಿಗೆ ಸುಮ್ಮನಿದ್ದಳು, ರಬ್ಬರಿಗೆ ಹೂಂ ಎಂದಳು, ಈಗ ಸಾಮಾನಿನ ಕೋಣೆ ಬಾಗಿಲು ತೆರೆದು ಕಾದಿದೆ.

ಸುತ್ತಿಗೆ ಎತ್ತಿಕೊಂಡಳು. ಮೊದಲ ಏಟಿನ ಸದ್ದಿಗೇ ಮೈದುನ ಓಡಿ ಬಂದ. ಮುಖ ಕೆಂಪಗಾಗಿತ್ತು, ಬೆಣ್ಣೆ ಎಲ್ಲ ಕರಗಿಹೋಗಿತ್ತು.

“ಏನ್ ಮಾಡ್ತಿದ್ದೀರಿ ನೀವು? ಇದು ನಾನು ಹಾಕ್ಸಿದ ನೆಲ.”

ಅವಳು ತಲೆ ಎತ್ತಲಿಲ್ಲ. “ನೀನು ಹಾಕ್ಸಿದ್ದು ಟೈಲ್ಸ್ ಕಣಪ್ಪ. ನೆಲ ಇದರ ಕೆಳಗಿದೆ.”

ಅವನು ಅಮ್ಮಾ ಎಂದು ಕೂಗಿದ. ಅತ್ತೆ ಬಂದರು, ಒಡೆದ ಟೈಲ್ಸ್ ನೋಡಿದರು, ಅದರ ಕೆಳಗಿನ ಖಾಲಿ ಜಾಗದಲ್ಲಿ ಬೆರಳು ತೂರಿಸಿ ನೋಡಿದರು. ಭಾನುವಾರದ ತನಕ ಗಡುವು ಇದೆಯಲ್ಲ, ಅಲ್ಲೀವರೆಗೆ ನಾನು ಮಾತಾಡಲ್ಲ ಎಂದು ಹೋಗಿ ಮಲಗಿದರು. ಬಾಯಲ್ಲಿ ಹಲ್ಲಿಲ್ಲದ್ದರಿಂದ ಅದು ಬೈಗುಳವೋ ಅಲ್ಲವೋ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಹಾರೆ ಮೇಸ್ತ್ರಿ ಜ್ಯಾಕ್ ಕೊಟ್ಟು ಮೆಷಿನ್ನನ್ನು ಎತ್ತಿ ಹಿಡಿದ, ಅವಳು ಕಾಲು ಬರುವ ಕಡೆಯೆಲ್ಲ ಟೈಲ್ಸ್ ಕಿತ್ತು ಹಳೇ ಕೆಂಪು ನೆಲವನ್ನು ಬಯಲು ಮಾಡಿದಳು. ಕೆಲಸಕ್ಕೆ ಅಷ್ಟು ಸಾಕಿತ್ತು. ಆದರೆ ಮೆಷಿನ್ನಿನ ಮುಂದೆ, ಹ್ಯಾಂಡಲ್ ತಿರುಗಿಸುವವರು ನಿಲ್ಲುವ ಕಡೆಯೂ ಟೈಲ್ಸ್ ಒಡೆದಳು. ಅದು ಬೇಕಿರಲಿಲ್ಲ. ಕೆಂಪು ನೆಲದಲ್ಲಿ ಆ ಸಣ್ಣ ಕುಳಿ ಸಿಕ್ಕಿತು, ಕುರ್ಚಿಯ ಕಾಲು ಉಜ್ಜಿ ಬಿದ್ದದ್ದು. ಅದರೊಳಗಿನ ಪುಡಿಯನ್ನು ಅವಳು ಬಟ್ಟೆಯಿಂದ ಒರೆಸಿ ತೆಗೆದಳು. ರಬ್ಬರನ್ನು ಬೀದಿಗೆ ಎಸೆದಳು. ನೆಲಕ್ಕೆ ತೂತು ಕೊರೆದು, ಬೋಲ್ಟು ನೆಟ್ಟು, ಕಾಂಕ್ರೀಟು ತುಂಬಿ, ಅದು ಗಟ್ಟಿಯಾಗುವ ತನಕ ಹಲ್ಲು ಕಚ್ಚಿ ಕಾದಳು. ಆಮೇಲೆ ಮೆಷಿನ್ನನ್ನು ಇಳಿಸಿ, ಕಾಲಿನಡಿ ತೆಳ್ಳಗಿನ ಉಕ್ಕಿನ ತಗಡು ಸೇರಿಸುತ್ತ, ತೆಗೆಯುತ್ತ, ನಾಲ್ಕು ನಟ್ಟೂ ಒಂದೇ ಬಿಗಿಗೆ ಬರುವಂತೆ ಮಾಡಿದಳು. ಮೇಸ್ತ್ರಿ ಹಾರೆಯ ತುದಿ ಸಿಕ್ಕಿಸಿ ಮೀಟಿ ನೋಡಿದ. ಕಿಮಕ್ ಎನ್ನಲಿಲ್ಲ. ಏನು ತಾಯಿ, ಬೇರು ಬಿಟ್ಟೆಯಾ ಎಂದ.

ಅಂತೂ ಭಾನುವಾರ ಬಂತು. ಮೊಬೈಲ್ ಅಂಗಡಿಯವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಗುಜರಿಯವನ ಗಾಡಿ ಮನೆ ಮುಂದೆ ನಿಂತಿತು. ಹಿಟ್ಟಿನ ಗಿರಣಿಯವನೂ ಬಂದಿದ್ದ, ಅವನನ್ನು ಕರೆದವಳು ಮಿಲ್ಲಿಂಗಮ್ಮ. ಅವನ ಗಿರಣಿಯ ಶಾಫ್ಟಿನಲ್ಲಿ ಚಕ್ರವನ್ನು ಹಿಡಿದಿಡುವ ಕೀಲು ಕೂರುವ ತೋಡು ಸವೆದು, ಚಕ್ರ ಸುಮ್ಮನೆ ಜಾರುತ್ತಿತ್ತು. ತೋಡು ಕೊರೆಸಲು ಎರಡು ಹೊಸ ಶಾಫ್ಟ್ ಹಿಡಿದು ತಂದಿದ್ದ. ಅವಳು ಕಾರ್ಖಾನೆಯ ನೀಲಿ ಕೋಟು ಹಾಕಿಕೊಂಡು, ಒಂದು ಶಾಫ್ಟನ್ನು ಮೇಜಿಗೆ ಕಟ್ಟಿ, ಸ್ವಿಚ್ಚಿಗೆ ಕೈ ಇಟ್ಟಳು. ಈ ಕೋಣೆ ಹೋದರೆ ಅವಳಿಗೆ ಉಳಿಯುವುದು ಪಕ್ಕದ ಮನೆಯ ಗೋಡೆ.

ಯಾರೂ ಕರೆಯದೆ ಅತ್ತೆ ಬಂದರು, ಕೈಯಲ್ಲಿ ಲೋಟ. ಗೋಡೆಯ ಶೆಲ್ಫಿನ ಮೇಲಿಟ್ಟು ನೋಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರೆ, ಅವರು ನೇರವಾಗಿ ನಡೆದು ಬಂದು ಲೋಟವನ್ನು ಮೆಷಿನ್ನಿನ ಮೇಜಿನ ತುದಿಯಲ್ಲೇ ಇಟ್ಟರು. ಮೈದುನ ತುಟಿಯಂಚಿನಲ್ಲಿ ನಕ್ಕ. ಗೋಡೆಯಾಚೆ ಇದ್ದಾಗಲೇ ಕಟಕಟ ಎಂದ ಹಲ್ಲು, ಮೆಷಿನ್ ಮೇಲೇ ಕೂತರೆ ಕುಣಿಯದೆ ಇದ್ದೀತೇ.

ಮಿಲ್ಲಿಂಗಮ್ಮ ಸ್ವಿಚ್ ಒತ್ತಿದಳು. ಮೆಷಿನ್ ಗುರ್ ಎಂದಿತು. ಬರಿ ತಿರುಗುವುದರಲ್ಲಿ ಏನಿದೆ, ಹೆರೆಯುವಾಗಲೇ ಅಲ್ಲವೇ ಪರೀಕ್ಷೆ. ಹ್ಯಾಂಡಲ್ ತಿರುಗಿಸಿದಳು, ಕಟ್ಟರ್ ಶಾಫ್ಟಿಗೆ ತಾಗಿತು, ಬಿಸಿ ಚೂರುಗಳು ಸುರುಳಿ ಸುರುಳಿಯಾಗಿ ಉದುರಿದವು. ಮೇಜಿನ ಜೊತೆಗೆ ಲೋಟವೂ ಮೆಲ್ಲಗೆ ಮುಂದೆ ಸಾಗಿತು. ಬೀದಿಯಲ್ಲಿದ್ದವರೂ ಕತ್ತು ಚಾಚಿ ನೋಡಿದ್ದು ಆ ಲೋಟವನ್ನೇ. ನೀರಿನ ಮೇಲೆ ಸಣ್ಣ ಗೆರೆಗಳು ಎದ್ದವು. ಹಲ್ಲು ಲೋಟದ ತಳದಲ್ಲಿ ತೆಪ್ಪಗೆ ಬಿದ್ದಿತ್ತು. ತೋಡು ಈ ತುದಿಯಿಂದ ಆ ತುದಿಗೆ ಮುಗಿಯಿತು, ಹಲ್ಲು ಉಸಿರೆತ್ತಲಿಲ್ಲ. ಗಿರಣಿಯವನು ಕೀಲನ್ನು ತೋಡಿನಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದ, ಅದು ಸರಿಯಾಗಿ ಹೋಗಿ ಕೂತಿತು. ಅವನು ಆಹಾ ಓಹೋ ಎನ್ನಲಿಲ್ಲ, ನಾಳೆಯಿಂದ ಗಿರಣಿ ತೆಗೀಬಹುದು ಎಂದ.

ಅತ್ತೆ ಲೋಟಕ್ಕೆ ಕೈ ಹಾಕಿದರು. ಹಲ್ಲು ತೆಗೆದು, ನೀರು ಕೊಡವಿ, ಬಾಯಿಗೆ ಹಾಕಿಕೊಂಡರು. ಊಟದ ಹೊತ್ತಾಗಿರಲಿಲ್ಲ. ಮಹಡಿ ಮೆಟ್ಟಿಲ ಮೇಲಿದ್ದ ಸಣ್ಣ ಸೊಸೆ ಮೆಲ್ಲಗೆ ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದಳು. ಮೈದುನ ಎದೆಯ ಮೇಲೆ ಕಟ್ಟಿದ್ದ ಕೈ ಬಿಚ್ಚಿದ. ಅತ್ತೆ ದವಡೆ ಅತ್ತಿತ್ತ ಆಡಿಸಿ ಹಲ್ಲು ಸರಿಮಾಡಿಕೊಂಡರು, ಆಮೇಲೆ ಮಗನ ಮುಖ ನೋಡಿದರು.

“ಕೂತಿದೆ ಕಣೋ. ದೊಡ್ಡವನ ಕೋಣೇಲಿ ಕೂತಿದೆ. ಇನ್ನು ಯಾರೂ ಎಬ್ಬಿಸ್ಬೇಡಿ.”

ಮೊಬೈಲ್ ಅಂಗಡಿಯವನು ಚಪ್ಪಲಿ ಮೆಟ್ಟಿಕೊಂಡ. ಗುಜರಿಯವನು ಖಾಲಿ ಗಾಡಿ ತಿರುಗಿಸಿದ. ಮೈದುನನೂ ಕೆಟ್ಟವನೇನಲ್ಲ, ಸೋಲುವುದು ಅಭ್ಯಾಸವಿಲ್ಲ ಅಷ್ಟೆ. ಏನಾದರೂ ಮಾಡಬೇಕಲ್ಲ ಎಂದು ಅತ್ತೆಯ ಕುರ್ಚಿಯನ್ನು ಎಳೆದು ತಂದು ಮೆಷಿನ್ನಿನ ಪಕ್ಕ ಇಟ್ಟ.

“ಸುಸ್ತಾಗಿರ್ತೀರಿ ಅತ್ತಿಗೆ. ಕೂತ್ಕೊಳ್ಳಿ.”

“ಮೆಷಿನ್ ಕೂತಿದೆಯಲ್ಲಪ್ಪ, ಸಾಕು. ನಾನು ನಿಂತೇ ಕೆಲಸ ಮಾಡೋದು.”

ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಆ ಕುಳಿಯ ಪಕ್ಕದಲ್ಲಿ ಕಾಲೂರಿ ನಿಂತು, ಗಿರಣಿಯವನಿಗೆ ಇನ್ನೊಂದು ಶಾಫ್ಟ್ ಕೊಡು ಎಂದು ಕೈ ಚಾಚಿದಳು.